ಅದಿರು ಗಾಡಿಯಿಂದ ಶುರು ಮಾಡು: ಗೆಳೆಯನಿಗೊಂದು ಪತ್ರ

ದೋಸ್ತಾ,

ಕೊಪ್ಪಳದ ಮನೆಯ ಮಹಡಿ ಕೋಣೆಗೆ ನಾಲ್ಕಡಿ ಅಗಲ, ಎಂಟಡಿ ಉದ್ದದ ಪ್ಲೈವುಡ್ ಬಂದಿದೆ, ಅದರ ಮೇಲೆ ಲೆಗೊ ಇಟ್ಟಿಗೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಓಡಿಸಬೇಕು ಅಂತ ಬರೆದಿದ್ದೀಯ. ಓಡಿಸೋಣ, ಆದರೆ ಅದರಿಂದ ಶುರು ಮಾಡಬೇಡ. ಲೆಗೊ ರೈಲಿನಲ್ಲಿ ಯಾವ ಗಾಡಿ ಓಡಬೇಕು ಅನ್ನೋದನ್ನ ನಿರ್ಧರಿಸೋದು ಹಳಿಯ ತಿರುವು.

ಲೆಕ್ಕ ಹೇಳ್ತೀನಿ ನೋಡು. ಇಟ್ಟಿಗೆಯ ಮೇಲಿನ ಗುಂಡನೆ ಉಬ್ಬಿಗೆ ಸ್ಟಡ್ ಅಂತಾರೆ. ಒಂದು ಸ್ಟಡ್‌ನಿಂದ ಇನ್ನೊಂದಕ್ಕೆ 8 ಮಿಲಿಮೀಟರ್. ಲೆಗೊ ಕಂಪನಿಯ ಮಾಮೂಲಿ ಬಾಗು ಹಳಿಯ ತ್ರಿಜ್ಯ 40 ಸ್ಟಡ್, ಹದಿನಾರು ತುಂಡಿಗೆ ಒಂದು ಪೂರ್ತಿ ಸುತ್ತು. ಐವತ್ತಕ್ಕೆ ಒಂದರ ಅಳತೆ ಹಿಡಿದರೆ 21.3 ಮೀಟರಿನ ಹಳೆ ಐಸಿಎಫ್ (ಚೆನ್ನೈ ಕಾರ್ಖಾನೆಯ) ಡಬ್ಬಿ 53 ಸ್ಟಡ್ ಆಗುತ್ತದೆ, ಅದರ ಎರಡು ಬೋಗಿಗಳ (ಡಬ್ಬಿಯ ಕೆಳಗಿನ ಚಕ್ರದ ಚೌಕಟ್ಟುಗಳ) ನಡುವೆ 37. ತಿರುವಿನಲ್ಲಿ ಡಬ್ಬಿಯ ನಡು ಎಷ್ಟು ಒಳಗೆ ಸರಿಯುತ್ತದೆ ಅನ್ನೋದಕ್ಕೆ ಸುಲಭದ ಸೂತ್ರವಿದೆ: ಬೋಗಿ ಅಂತರದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸು. 37ರ ವರ್ಗ 1369, ಅದನ್ನು 320ರಿಂದ ಭಾಗಿಸಿದರೆ ನಾಲ್ಕು ಸ್ಟಡ್ ದಾಟುತ್ತದೆ. ಡಬ್ಬಿಯ ತುದಿ, ಅಂದರೆ ಮೂತಿ, ಹೊರಕ್ಕೆ ಇನ್ನೂ ನಾಲ್ಕೂವರೆ. ಪ್ಲಾಟ್‌ಫಾರಂ, ಕಂಬ, ಪಕ್ಕದ ಹಳಿಯ ಗಾಡಿ, ಎಲ್ಲಕ್ಕೂ ತಾಗುತ್ತದೆ.

ಈಗ ನಮ್ಮ ಬಳ್ಳಾರಿ, ತೋರಣಗಲ್ಲು ಕಡೆ ದಿನಾ ಕಾಣುವ ಅದಿರು ವ್ಯಾಗನ್ ತಗೋ. ಬಾಕ್ಸ್‌ಎನ್ ಅನ್ನೋ ಈ ವ್ಯಾಗನ್ನಿನ ಅಗಲ 3200 ಮಿಲಿಮೀಟರ್. ಐವತ್ತರಿಂದ ಭಾಗಿಸಿದರೆ 64, ಸರಿಯಾಗಿ 8 ಸ್ಟಡ್! ಇಷ್ಟು ಒಪ್ಪವಾಗಿ ಕೂರುವ ಅಳತೆ ಅಪರೂಪ. ಉದ್ದ 24 ಸ್ಟಡ್, ಬೋಗಿ ಅಂತರ 16, ಪೆಟ್ಟಿಗೆಯ ಎತ್ತರ 4 ಇಟ್ಟಿಗೆ. ಅದೇ ಸೂತ್ರ ಹಾಕಿದರೆ ನಡು ಒಳಕ್ಕೆ ಸರಿಯೋದು 0.8 ಸ್ಟಡ್, ಮೂತಿ ಹೊರಕ್ಕೆ ಬರೋದು ಒಂದೇ ಸ್ಟಡ್. ನಿಜದ ಅಳತೆಗೆ ಮೋಸ ಮಾಡದೆ ಲೆಗೊ ತಿರುವಿನಲ್ಲಿ ನಡೆಯುವ ಗಾಡಿ ಇದು.

ಒಂದು ವ್ಯಾಗನ್ನಿಗೆ ಇಷ್ಟು ಬೇಕು. ತಳಕ್ಕೆ 8×8 ಸ್ಟಡ್ ಪ್ಲೇಟ್ (ತೆಳು ಹಲಗೆಯಂಥ ತುಂಡು) ಮೂರು, ಅವುಗಳ ಬೆಸುಗೆ ಬಿಡದಂತೆ ಕೆಳಗಿನಿಂದ 4×12 ಪ್ಲೇಟ್ ಎರಡು ಉದ್ದಕ್ಕೆ. ಗೋಡೆಗೆ 1×8 ಇಟ್ಟಿಗೆ 24, 1×6 ಇಟ್ಟಿಗೆ 8. ಮೊದಲ ವರಸೆಯಲ್ಲಿ ಉದ್ದಗೋಡೆ ಪೂರ್ತಿ 24 ಇರಲಿ, ಅಡ್ಡಗೋಡೆ 6. ಮೇಲಿನ ವರಸೆಯಲ್ಲಿ ಅಡ್ಡಗೋಡೆ 8, ಉದ್ದಗೋಡೆ 22. ಹೀಗೆ ಅದಲುಬದಲು ಮಾಡಿದರೆ ಮೂಲೆ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ, ಇಲ್ಲದಿದ್ದರೆ ಎತ್ತಿದಾಗ ಗೋಡೆ ಬಿಚ್ಚಿ ಕೈಗೆ ಬರುತ್ತದೆ. ಬಣ್ಣ ಕೆಂಗಂದು. ಕೆಲವು ವರ್ಷ ತಯಾರಾದ ಕಂದು ಮತ್ತು ಗಾಢ ಕೆಂಪು ತುಂಡುಗಳು ಬಹಳ ಪೆಡಸು, ಬಿಚ್ಚುವಾಗ ಪಟಕ್ಕನೆ ಸೀಳುತ್ತವೆ. ಹಳೆ ಮಾಲು ಕೊಂಡಿದ್ದರೆ ಕಟ್ಟಿ ಬಿಚ್ಚಿ ಆಟ ಆಡಬೇಡ, ಒಮ್ಮೆ ಕೂರಿಸಿದರೆ ಮುಗಿಯಿತು.

ಅದಿರನ್ನು ಅಂಚಿನವರೆಗೆ ತುಂಬುವ ತಪ್ಪು ಎಲ್ಲರೂ ಮಾಡುತ್ತಾರೆ. ಸ್ಟೇಷನ್ನಿನ ಮೇಲ್ಸೇತುವೆ ಮೇಲೆ ನಿಂತು ತುಂಬಿದ ರೇಕ್ (ವ್ಯಾಗನ್‌ಗಳ ಪೂರ್ತಿ ಸಾಲು) ಒಳಗೆ ಇಣುಕಿ ನೋಡು, ವ್ಯಾಗನ್ ಅರ್ಧವೂ ತುಂಬಿರುವುದಿಲ್ಲ. ವ್ಯಾಗನ್ನಿನ ಒಳಗೆ ಸುಮಾರು 56 ಘನ ಮೀಟರ್ ಜಾಗವಿದೆ, ಆದರೆ ಅದಿರು ಎಷ್ಟು ಭಾರವೆಂದರೆ ಅರ್ಧಕ್ಕಿಂತ ಕೆಳಗಿರುವಾಗಲೇ ಹೊರಬಹುದಾದ ಸುಮಾರು ಅರವತ್ತು ಟನ್ ಮುಗಿದುಹೋಗುತ್ತದೆ. ಕಲ್ಲಿದ್ದಲಾದರೆ ಮೇಲಿನವರೆಗೆ ಬರುತ್ತದೆ; ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಹೋಗುವ ರೇಕ್ ಮಾಡಿದಾಗ ಹಾಗೆ ತುಂಬು. ಅದಿರಿಗೆ ಒಂದು ಇಟ್ಟಿಗೆ ಎತ್ತರದಲ್ಲಿ ಸುಳ್ಳುತಳ ಹಾಕಿ, ಅದರ ಮೇಲೆ 1×1 ಗುಂಡು ಪ್ಲೇಟ್ ಹರಡು. ಒಳಜಾಗ 6×22, ಅಂದರೆ ಒಂದು ಪದರಕ್ಕೆ 132. ಲೋಡರ್ ಬಕೆಟ್ ಸುರಿದ ಹಾಗೆ ಮೂರ್ನಾಲ್ಕು ಗುಪ್ಪೆ ಇರಲಿ. ಕೆಂಗಂದು ಹೆಚ್ಚು, ಗಾಢ ಕೆಂಪು ಕಡಿಮೆ, ನಡುನಡುವೆ ಗಾಢ ಬೂದು. ಸಂಡೂರು ಕಡೆಯ ಬ್ಲೂ ಡಸ್ಟ್ (ಬೂದು ಛಾಯೆಯ ಪುಡಿ ಅದಿರು) ನೋಡಿದವರಿಗೆ ಆ ಬೂದು ಯಾಕೆ ಅಂತ ಹೇಳಬೇಕಿಲ್ಲ.

ವ್ಯಾಗನ್‌ಗಳನ್ನು ಜೋಡಿಸುವ ಮ್ಯಾಗ್ನೆಟ್ ಕೊಂಡಿಯನ್ನು ಬೋಗಿಗೇ ಹಾಕು, ಪೆಟ್ಟಿಗೆಗೆ ಬೇಡ. ತಿರುವಿನಲ್ಲಿ ಪೆಟ್ಟಿಗೆಯ ಮೂತಿ ಹೊರಗೆ ಹೋಗುತ್ತದೆ, ಬೋಗಿ ಹಳಿಯ ಜೊತೆ ತಿರುಗುತ್ತದೆ. ಪೆಟ್ಟಿಗೆಗೆ ಕಟ್ಟಿದ ಮ್ಯಾಗ್ನೆಟ್ ಪಕ್ಕಕ್ಕೆ ಎಳೆದು ಹಗುರ ವ್ಯಾಗನ್ನನ್ನು ಹಳಿಯಿಂದ ಇಳಿಸಿಬಿಡುತ್ತದೆ. ಭಾರದ ವ್ಯಾಗನ್ ಎಂಜಿನ್ ಪಕ್ಕ, ಖಾಲಿಯವು ಕೊನೆಗೆ.

ನಿಜದ ರೇಕ್‌ಗೆ 58, 59 ವ್ಯಾಗನ್. ನಿನ್ನ ಹಲಗೆಗೆ ಎಂಟು ಸಾಕು. 48×48 ಬೇಸ್‌ಪ್ಲೇಟ್ ಅಡ್ಡಕ್ಕೆ ಮೂರು, ಉದ್ದಕ್ಕೆ ಆರು, ಒಟ್ಟು 18 ಹಾಸಬಹುದು. ಬೇರೆ ತಯಾರಕರ 56 ಸ್ಟಡ್ ತ್ರಿಜ್ಯದ ಬಾಗು ಹಳಿ ಸಿಕ್ಕರೆ ಅದನ್ನೇ ಹಾಕು: ಸುತ್ತಿನ ಹೊರ ಅಗಲ 120 ಸ್ಟಡ್, ಉದ್ದದ ಎರಡು ಬದಿಗೆ ಹತ್ತತ್ತು ನೇರ ಹಳಿ. ಎಂಜಿನ್ ಮಾತ್ರ ಕುಗ್ಗಿಸಲೇಬೇಕು. ಸರಕು ಗಾಡಿ ಎಳೆಯುವ ವ್ಯಾಗ್-9 ಎಲೆಕ್ಟ್ರಿಕ್ ಎಂಜಿನ್ ಅಳತೆಗೆ ಸರಿಯಾಗಿ 51 ಸ್ಟಡ್ ಬರುತ್ತದೆ. 40ಕ್ಕೆ ಇಳಿಸಿ, ಬೋಗಿ ಅಂತರ 24 ಇಡು. ಆಗ 56ರ ತಿರುವಿನಲ್ಲಿ ಮೂತಿ ಹೊರಬರುವುದು ಎರಡೂಕಾಲು ಸ್ಟಡ್ ಮಾತ್ರ. ಮೂರು ಅಚ್ಚಿನ ಬೋಗಿಯಲ್ಲಿ ನಡುವಿನ ಅಚ್ಚು ಪಕ್ಕಕ್ಕೆ ಸ್ವಲ್ಪ ಜಾರುವಂತಿರಲಿ, ಬಿಗಿಯಿದ್ದರೆ ತಿರುವಿನಲ್ಲಿ ಎತ್ತಿಕೊಳ್ಳುತ್ತದೆ. ಮೋಟಾರು ಎರಡಾದರೆ ಒಂದೇ ಮುಖಕ್ಕೆ ಇಡು, ಎದುರುಬದುರಾದರೆ ಒಂದನ್ನೊಂದು ಎಳೆದಾಡುತ್ತವೆ. ಚಕ್ರ ನಿಂತಲ್ಲೇ ತಿರುಗಿದರೆ ಬ್ಯಾಟರಿ ಪೆಟ್ಟಿಗೆಯನ್ನು ಮೋಟಾರಿನ ಮೇಲೆ ಸರಿಸು, ಆ ಭಾರ ಅಲ್ಲೇ ಬೇಕು.

ಜಲ್ಲಿಯ ಹಾಸು ಬಹಳ ಕೆಲಸ ತಿನ್ನುತ್ತದೆ, ಆದರೆ ನೋಟವೆಲ್ಲ ಅದರಲ್ಲೇ ಇದೆ. ಒಂದು ನೇರ ಹಳಿಗೆ 2×6 ಇಟ್ಟಿಗೆ ನಾಲ್ಕು ಅಡ್ಡಡ್ಡ, ಎರಡೂ ಬದಿಗೆ ಗಾಢ ಬೂದು 2×4 ಸ್ಲೋಪ್ (ಇಳಿಜಾರು ಇಟ್ಟಿಗೆ) ನಾಲ್ಕು ನಾಲ್ಕು, ಮೇಲೆ 8×16 ಪ್ಲೇಟ್ ಒಂದು. ಸ್ಲೋಪಿನ ಸ್ಟಡ್ ಸಾಲು ಪ್ಲೇಟಿನ ಕೆಳಗೆ ಸಿಕ್ಕಿಕೊಂಡು ಬಿಗಿಯಾಗುತ್ತದೆ. ಇಪ್ಪತ್ತು ಹಳಿಗೆ 80 ಇಟ್ಟಿಗೆ, 160 ಸ್ಲೋಪ್, 20 ಪ್ಲೇಟ್. ಬಾಗಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಕಾಲು ಸುತ್ತಿನ ಎರಡು ತುದಿ ಮಾತ್ರ ಸ್ಟಡ್ ಮೇಲೆ ಸರಿಯಾಗಿ ಕೂರುತ್ತವೆ, ನಡುವಿನದು ಅಡ್ಡಾದಿಡ್ಡಿ. ಅಲ್ಲಿ ಪ್ಲೇಟ್ ಬದಲು ಟೈಲ್ (ಸ್ಟಡ್ ಇಲ್ಲದ ನುಣುಪು ಪ್ಲೇಟ್) ಹಾಸಿ ಹಳಿಯನ್ನು ಸುಮ್ಮನೆ ಮೇಲಿಡು, ಎತ್ತರ ಒಂದೇ ಬರುತ್ತದೆ. ಜೋರಾಗಿ ಒತ್ತಿ ಕೂರಿಸಿದರೆ ಹಳಿಯ ಜೋಡಣೆ ಕೂದಲೆಳೆಯಷ್ಟು ಉಬ್ಬುತ್ತದೆ, ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಮ್ಯಾಗ್ನೆಟ್ ಬಿಡುತ್ತದೆ. ಬೆರಳನ್ನು ಹಳಿ ಮೇಲೆ ಎಳೆದು ನೋಡು, ಕಣ್ಣಿಗೆ ಕಾಣದ್ದು ಉಗುರಿಗೆ ತಿಳಿಯುತ್ತದೆ.

ಸೈಡಿಂಗ್ (ಗಾಡಿ ನಿಲ್ಲಿಸುವ ಪಕ್ಕದ ಹಳಿ) ಮುಖ್ಯ ಹಳಿಯಿಂದ ನಡುವಿಂದ ನಡುವಿಗೆ 16 ಸ್ಟಡ್ ದೂರ ಇರಲಿ. ಎಡಕ್ಕೊಂದು ಬಲಕ್ಕೊಂದು ತಿರುವು ಬೆನ್ನಿಗೆ ಬೆನ್ನು ಬಂದರೆ ನಡುವೆ ಒಂದು ನೇರ ತುಂಡು ಕಡ್ಡಾಯ.

ಇನ್ನು ಧೂಳು. ನಮ್ಮ ಕಡೆಯ ಕೆಂಧೂಳು ಅಚ್ಚಿನಲ್ಲಿ ಸೇರಿದರೆ ಗಾಡಿ ಏದುಸಿರು ಬಿಡುತ್ತದೆ. ಎಣ್ಣೆ ಬಿಡಬೇಡ, ಧೂಳು ಅಂಟಿ ಮುದ್ದೆಯಾಗುತ್ತದೆ. ಚಕ್ರ ಬಿಚ್ಚಿ ಒಣ ಬ್ರಷ್‌ನಲ್ಲಿ ಕೂದಲು, ನೂಲು ತೆಗೆ. ತುಂಡು ತೊಳೆಯುವ ನೀರು 40 ಡಿಗ್ರಿ ಮೀರಬಾರದು, ಹಾಗಾಗಿ ಏಪ್ರಿಲ್, ಮೇ ಮಧ್ಯಾಹ್ನ ಮಹಡಿ ಟ್ಯಾಂಕಿನ ನಲ್ಲಿಗೆ ಹಿಡಿಯಬೇಡ. ರಾತ್ರಿ ಬಕೆಟ್‌ನಲ್ಲಿ ಹಿಡಿದಿಟ್ಟು ಬೆಳಿಗ್ಗೆ ತೊಳಿ. ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಬೇಕು, ಬಿಸಿಲಿಗೆ ಬಿಳಿ, ಬೂದು ತುಂಡುಗಳು ಹಳದಿಯಾಗುತ್ತವೆ.

ಮೊದಲು ಒಂದೇ ವ್ಯಾಗನ್ ಕಟ್ಟಿ, ಕೈಯಿಂದ ತಳ್ಳಿ ಪೂರ್ತಿ ಸುತ್ತು ತಿರುಗಿಸಿ ನೋಡು. ಅದು ಎಲ್ಲೂ ತಾಗದೆ ಬಂದ ಮೇಲೆ ಉಳಿದ ಏಳಕ್ಕೆ ತುಂಡು ತರಿಸು.

ನಿನ್ನ ದೋಸ್ತ,
ಬಳ್ಳಾರಿಯಿಂದ