ಮಾನ್ಯ ಪರಿಸರ ಸಚಿವರೇ, ಕಾಡಿನ ಲೆಕ್ಕದಲ್ಲಿ ಖರ್ಚಿನ ಕಾಲಂ ಎಲ್ಲಿ?

ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವರಿಗೆ,

ನಮಸ್ಕಾರ. 2024ರ ಡಿಸೆಂಬರ್ ಕೊನೆಯಲ್ಲಿ ನಮ್ಮ ದೇಶ ತನ್ನ ಹಸಿರುಮನೆ ಅನಿಲಗಳ ಲೆಕ್ಕವನ್ನು ವಿಶ್ವಸಂಸ್ಥೆಗೆ ಒಪ್ಪಿಸಿತಲ್ಲ, ಅದರ ಬಗ್ಗೆ ಈ ಪತ್ರ. 2020ರಲ್ಲಿ ನಾವೆಲ್ಲ ಸೇರಿ ಗಾಳಿಗೆ ಬಿಟ್ಟಿದ್ದು 295.9 ಕೋಟಿ ಟನ್. (ಎಲ್ಲ ಅನಿಲಗಳನ್ನೂ ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ತಂದು ಹೇಳುವ ಟನ್ ಇದು.) ಅದರಲ್ಲಿ ಸುಮಾರು 52.2 ಕೋಟಿ ಟನ್ನನ್ನು ನಮ್ಮ ಕಾಡು, ಮರ, ಹೊಲ ಎಲ್ಲ ಸೇರಿ ಹೀರಿಕೊಂಡವು, ಹಾಗಾಗಿ ನಿವ್ವಳ 243.7 ಕೋಟಿ ಟನ್ ಅಂತ ನೀವು ಬರೆದಿದ್ದೀರಿ. ಬ್ರೆಜಿಲ್, ಇಂಡೋನೇಷ್ಯಾದಂಥ ದೇಶಗಳಲ್ಲಿ ಕಾಡು ಕಡಿದು ಸುಡುವುದೇ ದೊಡ್ಡ ಹೊಗೆ. ನಮ್ಮಲ್ಲಿ ನೆಲ ಬಿಡುವುದಕ್ಕಿಂತ ಹೀರುವುದೇ ಜಾಸ್ತಿ. ಖುಷಿಯ ವಿಷಯ, ಇಲ್ಲ ಅನ್ನುವುದಿಲ್ಲ.

ಆದರೆ ಹಳೆಯ ವರದಿಯನ್ನು ಪಕ್ಕಕ್ಕಿಟ್ಟುಕೊಂಡು ನೋಡಿದಾಗ ಗೊಂದಲ ಶುರುವಾಯಿತು. 2016ರ ಲೆಕ್ಕದಲ್ಲಿ ಈ ಹೀರಿಕೊಂಡ ಬಾಬ್ತು ಸುಮಾರು 30.8 ಕೋಟಿ ಟನ್ ಇತ್ತು. ನಾಲ್ಕೇ ವರ್ಷದಲ್ಲಿ 52.2! ಅಂದರೆ ಹೆಚ್ಚುಕಡಿಮೆ ನೂರಕ್ಕೆ ಎಪ್ಪತ್ತು ಏರಿಕೆ. ಅದೇ ಹೊತ್ತಿಗೆ ಕಾಡು ಎಷ್ಟು ಹೆಚ್ಚಾಯಿತು ಅಂತ ನಿಮ್ಮದೇ ಭಾರತೀಯ ಅರಣ್ಯ ಸರ್ವೇಕ್ಷಣೆಯ ವರದಿಗಳನ್ನು ತೆಗೆದೆ. 2017ರ ವರದಿಯಲ್ಲಿ 7,08,273 ಚದರ ಕಿ.ಮೀ., 2021ರ ವರದಿಯಲ್ಲಿ 7,13,789. ನೂರಕ್ಕೆ ಒಂದೂ ಇಲ್ಲ. ಇದ್ದ ಮರಗಳೇ ದಪ್ಪ ಆಗಿರಬಹುದು, ಹೊಲದ ಬದುವಿನ ಮರಗಳೂ ಲೆಕ್ಕಕ್ಕೆ ಬರುತ್ತವೆ, ಒಪ್ಪಿದೆ. ಆದರೂ ಈ ಜಿಗಿತದಲ್ಲಿ ಮರ ಬೆಳೆದದ್ದೆಷ್ಟು, ಅಳೆಯುವ ರೀತಿ ಬದಲಾದದ್ದೆಷ್ಟು? ಇದನ್ನು ಸಾಮಾನ್ಯ ಓದುಗನಿಗೆ ಅರ್ಥವಾಗುವ ಹಾಗೆ ಒಂದು ಪುಟದಲ್ಲಿ ಬರೆಯಬಹುದಲ್ವಾ?

ನನ್ನ ತಕರಾರು ಇರುವುದೇ ಆ 'ನಿವ್ವಳ' ಅನ್ನುವ ಪದದ ಮೇಲೆ. ಆ 52.2 ಕೂಡ ನೆಲ ಹೀರಿದ್ದರಲ್ಲಿ ಬಿಟ್ಟದ್ದನ್ನು ಕಳೆದು ಉಳಿದ ಅಂಕಿಯೇ. ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಿ ಕಾರ್ಯದರ್ಶಿ ಎದ್ದು ನಿಂತು "ಈ ವರ್ಷ ಉಳಿತಾಯ ಇಷ್ಟು" ಅಂತ ಹೇಳಿ ಕೂತರೆ ಸದಸ್ಯರು ಸುಮ್ಮನಿರುತ್ತಾರಾ? ಜಮಾ ಎಷ್ಟು, ಖರ್ಚು ಎಷ್ಟು, ಓದಿ ಅಂತಾರೆ. ಕಾಡಿನ ವಿಷಯದಲ್ಲಿ ಮಾತ್ರ ನಾವು ಉಳಿತಾಯದ ಸಾಲು ಕೇಳಿಯೇ ಚಪ್ಪಾಳೆ ಹೊಡೆಯುತ್ತಿದ್ದೇವೆ.

ಎಲ್ಲಿ ಹೋಯಿತು, ಎಲ್ಲಿ ಬಂತು ಅನ್ನುವುದು ಯಾಕೆ ಮುಖ್ಯ ಅಂತ ನನಗೆ ಅರ್ಥ ಆಗಿದ್ದು ವರದಿ ಓದಿ ಅಲ್ಲ. ಹೋದ ಮಳೆಗಾಲ ಮುಗಿದ ಮೇಲೆ ಮಲೆನಾಡಿನ ಒಂದು ಅಕೇಶಿಯಾ ನೆಡುತೋಪಿನಲ್ಲಿ ನಿಂತಿದ್ದೆ. ಮರಗಳು ಶಾಲೆ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಕೆಳಗೆ ಬಿದ್ದ ಎಲೆ ಕೊಳೆಯದೆ ಚರ್ಮದ ಹಾಗೆ ಗಟ್ಟಿಯಾಗಿತ್ತು, ಕಾಲಿಟ್ಟರೆ ಚರಚರ ಸದ್ದು. ಕೋಲಿನಿಂದ ಕೆದಕಿದರೆ ಕೆಂಪು ಗಟ್ಟಿ ಮಣ್ಣು. ಒಂದು ಸಣ್ಣ ಹಳ್ಳ ದಾಟಿದರೆ ಹಳೇ ಕಾಡು. ಅಲ್ಲಿ ತರಗೆಲೆ ಸರಿಸಿ ಕೈ ಒತ್ತಿದೆ, ಬೆರಳು ಸಲೀಸಾಗಿ ಒಳಗೆ ಹೋಯಿತು. ಕಪ್ಪು ಮಣ್ಣು, ತಣ್ಣಗೆ, ಬಿಳಿ ನೂಲಿನಂಥ ಬೇರು, ಕೊಳೆತ ಎಲೆಯ ವಾಸನೆ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಹಳ್ಳದ ಈ ಕಡೆಯೂ ಹಸಿರು, ಆ ಕಡೆಯೂ ಹಸಿರು.

ನಿಮ್ಮ ವ್ಯಾಖ್ಯೆ ಪ್ರಕಾರವೂ ಎರಡೂ ಕಾಡೇ. ಒಂದು ಹೆಕ್ಟೇರ್ ಜಾಗ ಇದ್ದು, ಮರಗಳ ನೆರಳು ನೂರಕ್ಕೆ ಹತ್ತು ಭಾಗ ಮುಚ್ಚಿದ್ದರೆ ಸಾಕು, ಜಾಗ ಯಾರದ್ದಾದರೂ ಸರಿ, ಮರ ಯಾವುದಾದರೂ ಸರಿ. ತೋಟವೂ ಬಂತು, ಬಿದಿರೂ ಬಂತು. ಆದರೆ ನಮ್ಮ ಕಾಡುಗಳಲ್ಲಿರುವ ಇಂಗಾಲದ ಅರ್ಧಕ್ಕಿಂತ ಜಾಸ್ತಿ ಇರುವುದು ಮಣ್ಣಿನಲ್ಲಿ ಅಂತ ಅದೇ ಸರ್ವೇಕ್ಷಣೆಯ ವರದಿ ಹೇಳುತ್ತದೆ. ಹಳೇ ಕಾಡು ಕಡಿದು ನೆಲ ಅಗೆದಾಗ ಮರದ ಇಂಗಾಲ ಹೋಗುವುದು ಒಂದು ಭಾಗ, ಮಣ್ಣಿನದ್ದು ವರ್ಷಗಟ್ಟಲೆ ನಿಧಾನವಾಗಿ ಹೋಗುತ್ತಲೇ ಇರುತ್ತದೆ. ಬೇರೆಲ್ಲೋ ನೆಟ್ಟ ಸಸಿ ಅದನ್ನು ವಾಪಸ್ ತರುವುದಕ್ಕೆ ದಶಕಗಳು ಬೇಕು, ಅದೂ ಬದುಕಿದರೆ.

ಗ್ರೇಟ್ ನಿಕೋಬಾರ್ ನೋಡಿ. ಬಂದರು, ವಿಮಾನ ನಿಲ್ದಾಣ, ಊರು ಕಟ್ಟುವುದಕ್ಕೆ 130.75 ಚದರ ಕಿ.ಮೀ. ಕಾಡು ಬಿಟ್ಟುಕೊಡಲು 2022ರಲ್ಲಿ ನಿಮ್ಮ ಇಲಾಖೆಯೇ ತಾತ್ವಿಕ ಒಪ್ಪಿಗೆ ಕೊಟ್ಟಿತು. ಅದಕ್ಕೆ ಬದಲಿ ಗಿಡ ನೆಡುವುದು ಹರಿಯಾಣದಲ್ಲಂತೆ! ವರ್ಷವಿಡೀ ಒದ್ದೆ ಇರುವ ದ್ವೀಪದ ಮಳೆಕಾಡೆಲ್ಲಿ, ಹರಿಯಾಣದ ಒಣ ನೆಲ ಎಲ್ಲಿ? ಆ ಯೋಜನೆ ಬೇಕೋ ಬೇಡವೋ ಅನ್ನುವ ಜಗಳ ಇಲ್ಲಿ ಬೇಡ. ಅಲ್ಲಿ ಹೋಗುವ ಇಂಗಾಲ ಎಷ್ಟು ಟನ್, ಇಲ್ಲಿ ಬರುವುದು ಎಷ್ಟು, ಯಾವ ವರ್ಷಕ್ಕೆ ಸಮ ಆಗುತ್ತದೆ, ಇಷ್ಟು ಬರೆದು ತೋರಿಸಿ. ನಿವ್ವಳದಲ್ಲಿ ಇದೆಲ್ಲ ಮುಳುಗಿಹೋಗುತ್ತದೆ.

ಬೇರ್ಪಡಿಸಿ ಹೇಳುವುದು ಆಗದ ಕೆಲಸವೂ ಅಲ್ಲ. 2023ರ ಅರಣ್ಯ ಸ್ಥಿತಿ ವರದಿಯನ್ನೇ ತೆಗೆದುಕೊಳ್ಳಿ. ಕಾಡು ಮತ್ತು ಮರಗಳ ವ್ಯಾಪ್ತಿ ಹಿಂದಿನ ವರದಿಗಿಂತ 1,445 ಚದರ ಕಿ.ಮೀ. ಏರಿದೆ ಅಂತ ಸುದ್ದಿಯಾಯಿತು. ಒಳಗೆ ಬಿಡಿಸಿ ನೋಡಿದರೆ ಕಾಡು ಏರಿದ್ದು 156, ಉಳಿದ 1,289 ಕಾಡಿನ ಹೊರಗಿನ ಮರಗಳದ್ದು. ಅದೇ ವರದಿ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದಲ್ಲಿ ಹತ್ತು ವರ್ಷಕ್ಕೆ 58.22 ಚದರ ಕಿ.ಮೀ. ಕಾಡು ಕಡಿಮೆಯಾಗಿದೆ ಅಂತಲೂ ಹೇಳಿತು. ಒಂದು ಜಾಗಕ್ಕೆ ಇಳಿಕೆ ಬರೆಯಲು ಆಗುತ್ತದೆ ಅಂದ ಮೇಲೆ ಇಡೀ ದೇಶಕ್ಕೂ ಆಗಬೇಕು.

2030ರೊಳಗೆ ಹೊಸದಾಗಿ 250ರಿಂದ 300 ಕೋಟಿ ಟನ್ ಹೀರುವಷ್ಟು ಕಾಡು, ಮರ ಬೆಳೆಸುತ್ತೇವೆ ಅಂತ 2015ರಲ್ಲಿ ಮಾತು ಕೊಟ್ಟಿದ್ದೇವೆ. 2070ಕ್ಕೆ ನಿವ್ವಳ ಶೂನ್ಯ, ಅಂದರೆ ಬಿಟ್ಟಷ್ಟನ್ನೂ ಹೀರಿ ಸರಿದೂಗಿಸುತ್ತೇವೆ ಅಂತ 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಹೇಳಿ ಬಂದಿದ್ದೇವೆ. ಆ ಶೂನ್ಯದ ಒಂದು ಕಡೆ ಕಲ್ಲಿದ್ದಲಿನ ಹೊಗೆ, ಇನ್ನೊಂದು ಕಡೆ ಈ ಕಾಡಿನ ಅಂಕಿ. ಹೊಗೆ ಕಡೆಯದ್ದು ಸುಟ್ಟ ಟನ್ ಲೆಕ್ಕದಲ್ಲಿ ಸಿಗುತ್ತದೆ. ಕಾಡಿನದ್ದು ಸಡಿಲ ಇದ್ದರೆ ಶೂನ್ಯವೂ ಸಡಿಲವೇ.

ನಾನು ಕೇಳುತ್ತಿರುವುದು ಹೊಸ ಕಾನೂನು ಅಲ್ಲ, ಹೊಸ ಸಮಿತಿಯಂತೂ ಅಲ್ಲವೇ ಅಲ್ಲ. ಪ್ಯಾರಿಸ್ ಒಪ್ಪಂದದ ಪ್ರಕಾರ ಎರಡು ವರ್ಷಕ್ಕೊಮ್ಮೆ ಕೊಡಬೇಕಾದ ವರದಿಯಲ್ಲಿ ಎರಡು ಕಾಲಂ ಹಾಕಿ, ಹೋದದ್ದು ಒಂದು, ಬಂದದ್ದು ಒಂದು. ಬಂದದ್ದರಲ್ಲಿ ತಾನಾಗಿ ಬೆಳೆದ ಕಾಡೆಷ್ಟು, ನೆಡುತೋಪೆಷ್ಟು ಅಂತ ಬಿಡಿಸಿ ಬರೆಯಿರಿ. ಕಾಡು ಬಿಟ್ಟುಕೊಡುವ ಪ್ರತಿ ಅರ್ಜಿ ನಿಮ್ಮ ಪರಿವೇಶ್ ಪೋರ್ಟಲ್ ಮೂಲಕವೇ ಹೋಗುತ್ತದೆ, ಅಲ್ಲಿ ಹೆಕ್ಟೇರ್ ಪಕ್ಕದಲ್ಲಿ ಇಂಗಾಲದ ಟನ್ನನ್ನೂ, ಮಣ್ಣಿನದ್ದು ಸೇರಿಸಿ, ನಮೂದಿಸುವ ಹಾಗೆ ಮಾಡಿ.

ಉತ್ತರ ಕೊಟ್ಟರೆ ಸಂತೋಷ. 30.8 ಯಾಕೆ 52.2 ಆಯಿತು ಅನ್ನುವುದರಿಂದಲೇ ಶುರು ಮಾಡಬಹುದು.

ಇಂತಿ,
ನಿಮ್ಮ ವರದಿಗಳ ಒಬ್ಬ ಓದುಗ