ಯೀಸ್ಟಿಗೆ ಯಾವ ಔಷಧಿ ನಾಟುತ್ತದೆ ಎಂದು ತಿಳಿಯಲು ಆರು ದಿನ ಯಾಕೆ?

ಮಾನ್ಯ ಸಂಪಾದಕರೇ,

ನಾನು ಗಂಗಾವತಿಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಕಳೆದ ವರ್ಷ ಅವ್ವನನ್ನು ಬಳ್ಳಾರಿಯ ಒಂದು ಆಸ್ಪತ್ರೆಯ ಐಸಿಯುಗೆ ಸೇರಿಸಿದ್ದೆವು. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಕುತ್ತಿಗೆಯಲ್ಲಿ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆ). ಹತ್ತನೇ ದಿನ ಚಳಿಜ್ವರ ಹಿಡಿಯಿತು. ಎಷ್ಟು ಆಂಟಿಬಯೋಟಿಕ್ ಕೊಟ್ಟರೂ ಇಳಿಯಲಿಲ್ಲ. ರಕ್ತವನ್ನು ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಿ ಎರಡು ದಿನದ ಮೇಲೆ ಯೀಸ್ಟ್ ಅನ್ನುವ ಫಂಗಸ್ ಕಾಣಿಸಿತು, ಫಂಗಸ್ ಔಷಧಿ ಫ್ಲುಕೊನಜೋಲ್ ಶುರು ಮಾಡಿದರು. ಅದು ಯಾವ ಯೀಸ್ಟ್, ಯಾವ ಔಷಧಿ ನಾಟುತ್ತದೆ ಅನ್ನುವ ರಿಪೋರ್ಟ್ ಬಂದಿದ್ದು ಆರನೇ ದಿನ. ಕ್ಯಾಂಡಿಡಾ ಆರಿಸ್. ಫ್ಲುಕೊನಜೋಲ್ ಮುಂದೆ 'ಆರ್' ಅಂತ ಬರೆದಿತ್ತು, ಅಂದರೆ ನಾಟುವುದಿಲ್ಲ. ನಾಲ್ಕು ದಿನ ಕೊಟ್ಟಿದ್ದು ಸುಮ್ನೆ ಹೋಯಿತು. ಔಷಧಿ ಬದಲಿಸಿದರೂ ಅವ್ವ ಉಳಿಯಲಿಲ್ಲ. ಆ ನಾಲ್ಕು ದಿನ ಸಿಕ್ಕಿದ್ದರೆ ಬದುಕುತ್ತಿದ್ದಳು ಎಂದು ನಾನು ಹೇಳಲಾರೆ, ಕಿಡ್ನಿ ಮೊದಲೇ ಸೋತಿತ್ತು. ಡಾಕ್ಟರನ್ನೂ ಬೈಯುವುದಿಲ್ಲ. ರಿಪೋರ್ಟ್ ಕೈಗೆ ಬರುವ ತನಕ ಅವರಾದರೂ ಏನು ಮಾಡಬೇಕು?

ದಿನಗಳು ಎಲ್ಲಿ ಹೋಗುತ್ತವೆ ಎಂದು ನನಗೆ ಗೊತ್ತು, ದಿನಾ ನೋಡುವ ಕೆಲಸ. ಮೊದಲು ಬಾಟಲಿಯಲ್ಲಿ ಯೀಸ್ಟ್ ಬೆಳೆಯಬೇಕು. ಆಮೇಲೆ ಪ್ಲೇಟ್ ಮೇಲೆ ಕೆನೆ ಬಣ್ಣದ ಸಣ್ಣ ಚುಕ್ಕೆಗಳಾಗಿ ಏಳಬೇಕು. ಮುಚ್ಚಳ ತೆಗೆದರೆ ಹುಳಿ ಬಂದ ದೋಸೆ ಹಿಟ್ಟಿನಂಥ ವಾಸನೆ. ನೋಡಲು ಹೆಚ್ಚುಕಡಿಮೆ ಎಲ್ಲ ಒಂದೇ ಥರ, ಯಾವುದು ಔಷಧಿಗೆ ಬಗ್ಗುತ್ತದೆ, ಯಾವುದು ಬಗ್ಗುವುದಿಲ್ಲ ಎಂದು ಕಣ್ಣಿಗೆ ತಿಳಿಯುವುದೇ ಇಲ್ಲ. ಅದಕ್ಕೇ ಆ ಚುಕ್ಕೆ ತೆಗೆದು ಔಷಧಿ ಜೊತೆ ಮತ್ತೆ ಬೆಳೆಸಿ ನೋಡಬೇಕು, ಇನ್ನೂ ಒಂದೆರಡು ದಿನ.

ಜೀನನ್ನೇ ನೋಡಿದರೆ ಇಷ್ಟು ಕಾಯಬೇಕಿಲ್ಲ. ಜೀವಕೋಶದ ಪೊರೆ ಗಟ್ಟಿ ಇರಲು ಯೀಸ್ಟಿಗೆ ಎರ್ಗೊಸ್ಟೆರಾಲ್ ಅನ್ನುವ ಕೊಬ್ಬಿನಂಥ ವಸ್ತು ಬೇಕು. ಅದನ್ನು ತಯಾರಿಸುವ ಕಿಣ್ವವನ್ನು ಫ್ಲುಕೊನಜೋಲ್ ಹಿಡಿದು ನಿಲ್ಲಿಸುತ್ತದೆ. ಆ ಕಿಣ್ವದ ಇಆರ್‌ಜಿ-11 ಜೀನಿನಲ್ಲಿ ಒಂದೇ ಅಕ್ಷರ ಬದಲಾದರೂ ಔಷಧಿಗೆ ಹಿಡಿತ ಸಿಗದೆ ಹೋಗಬಹುದು. ಆರಿಸ್‌ನಲ್ಲಿ ಇಂಥ ಬದಲಾವಣೆ ಜಾಸ್ತಿ ಕಾಣುವುದು ಕಿಣ್ವದ 132 ಮತ್ತು 143ನೇ ಜಾಗಗಳಲ್ಲಿ. ಮೈಕಾಫಂಗಿನ್ ಬಳಗದ ದುಬಾರಿ ಔಷಧಿಗಳಿಗಾದರೆ ಎಫ್‌ಕೆಎಸ್-1 ಜೀನ್ ನೋಡಬೇಕು. ಗೊತ್ತಿರುವ ಈ ಜಾಗಗಳಲ್ಲಿನ ಬದಲಾವಣೆಯನ್ನು ಪಿಸಿಆರ್, ಅಂದರೆ ಜೀನಿನ ತುಣುಕನ್ನು ನಕಲು ಮಾಡಿ ನೋಡುವ ಪರೀಕ್ಷೆ, ಕೆಲವೇ ಗಂಟೆಗಳಲ್ಲಿ ಹುಡುಕಿ ಕೊಡುತ್ತದೆ. ಹಾಗಂತ ಕಲ್ಚರ್ ಬಿಡುವ ಹಾಗಿಲ್ಲ, ಯಾಕೆಂದರೆ ಗೊತ್ತಿಲ್ಲದ ಬದಲಾವಣೆ ಪಿಸಿಆರ್‌ಗೆ ಸಿಗುವುದಿಲ್ಲ. ಆದರೆ 'ಈ ಔಷಧಿ ನಾಟಲ್ಲ' ಎಂದು ಯೀಸ್ಟ್ ಕಂಡ ದಿನವೇ ಗೊತ್ತಾದರೆ ಅದೇನು ಕಮ್ಮಿಯೇ?

ಟಿಬಿಗೆ ಇದನ್ನೇ ಅಲ್ವಾ ಮಾಡುತ್ತಿರುವುದು! ಕಫ ಕೊಟ್ಟರೆ ಸಿಬಿನ್ಯಾಟ್ ಮಿಷಿನ್ ಸುಮಾರು ಎರಡು ಗಂಟೆಯಲ್ಲಿ ಟಿಬಿ ಇದೆಯಾ, ಅದರ ಮುಖ್ಯ ಔಷಧಿ ರಿಫಾಂಪಿಸಿನ್ ನಾಟುತ್ತದೆಯಾ, ಎರಡನ್ನೂ ಹೇಳುತ್ತದೆ. ಕೋವಿಡ್ ಕಾಲದಲ್ಲಿ ಆರ್‌ಟಿ-ಪಿಸಿಆರ್ ಮಿಷಿನ್‌ಗಳು ಜಿಲ್ಲೆ ಜಿಲ್ಲೆಗೂ ಬಂದವು, ನಡೆಸುವುದನ್ನು ನಮ್ಮ ಹುಡುಗ ಹುಡುಗಿಯರು ರಾತ್ರಿ ಹಗಲು ನಿಂತು ಕಲಿತರು.

ಆರಿಸ್ ಚಿಕ್ಕ ವಿಷಯವಲ್ಲ. 2009ರಲ್ಲಿ ಜಪಾನಿನಲ್ಲಿ ಒಬ್ಬರ ಕಿವಿಯಿಂದ ಮೊದಲು ಗುರುತಿಸಿದ್ದು, 2013ಕ್ಕೆ ದೆಹಲಿಯ ರಕ್ತದ ಸ್ಯಾಂಪಲ್‌ಗಳ ವರದಿ ಬಂತು, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅತಿ ಅಪಾಯದ ಫಂಗಸ್‌ಗಳ ಸಾಲಿಗೆ ಸೇರಿಸಿತು. ಮಂಚದ ಕಂಬಿಗೂ ಅಂಟಿಕೊಂಡು ಉಳಿಯುತ್ತದೆ. ಅವ್ವನ ಪಕ್ಕದ ಬೆಡ್‌ನಲ್ಲಿ ಹೆರಿಗೆಯಾದ ಹುಡುಗಿಯೊಬ್ಬಳಿದ್ದಳು. ಬೇಗ ಗೊತ್ತಾಗಿದ್ದರೆ ಅವ್ವನನ್ನು ಬೇರೆ ಕಡೆ ಇಡಬಹುದಿತ್ತು.

ರೈತರಿಗೂ ಒಂದು ಮಾತು. ನಮ್ಮ ಭತ್ತಕ್ಕೆ ಹೊಡೆಯುವ ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್ ಕೂಡ ಫ್ಲುಕೊನಜೋಲ್ ಬಳಗದವೇ. ಆರಿಸ್ ಅಲ್ಲಿಂದ ಬಂತು ಎನ್ನುತ್ತಿಲ್ಲ. ಆದರೆ ಆಸ್ಪರ್ಜಿಲಸ್ ಅನ್ನುವ ಇನ್ನೊಂದು ಫಂಗಸ್ ಹೀಗೆ ಹೊಲದಲ್ಲೇ ಔಷಧಿಗೆ ಒಗ್ಗಿಕೊಂಡಿದ್ದು ಯುರೋಪಿನಲ್ಲಿ ಕಂಡಿದ್ದಾರೆ. ಗಂಗಾವತಿ, ಸಿಂಧನೂರು ಕಡೆ ಇದರ ಲೆಕ್ಕವನ್ನೂ ಯಾರಾದರೂ ಇಡಬೇಕು.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಮೂರೂ ಕಡೆ ಬೇಡ, ಮೊದಲು ಒಂದು ಕಡೆ ಈ ಪರೀಕ್ಷೆ ಶುರುವಾಗಲಿ. ಕಿಟ್‌ಗೆ ದುಡ್ಡು, ಇಬ್ಬರಿಗೆ ತರಬೇತಿ, ಸುತ್ತಲಿನ ಐಸಿಯುಗಳಿಂದ ಸ್ಯಾಂಪಲ್ ತರಲು ಒಂದು ಗಾಡಿ, ಇಷ್ಟನ್ನು ಆರೋಗ್ಯ ಇಲಾಖೆ ಕೊಡಲಿ. ಬಾಟಲಿಯಲ್ಲಿ ಯೀಸ್ಟ್ ಕಂಡ ದಿನವೇ ಸ್ಯಾಂಪಲ್ ಕಳಿಸಲು ನಾವು ತಯಾರಿದ್ದೇವೆ.

– ಒಬ್ಬ ಲ್ಯಾಬ್ ಟೆಕ್ನೀಷಿಯನ್, ಗಂಗಾವತಿ, ಕೊಪ್ಪಳ ಜಿಲ್ಲೆ