ಮಗುವಿಗೆ ಬೇಕಾದದ್ದು ಮರುಮಾತು

ಮಾನ್ಯ ಸಂಪಾದಕರೇ,

ಊಟದ ಹೊತ್ತಿನಲ್ಲಿ ಮಗುವಿನ ಎದುರು ಮೊಬೈಲ್ ಇಡುವುದು ಈಗ ಮನೆಮನೆಯ ರೂಢಿಯಾಗಿದೆ. ನಮ್ಮ ಮನೆಯೂ ಹೊರತಲ್ಲ. ಆಕ್ಷೇಪಿಸಿದರೆ, ‘ಅದರಲ್ಲೇ ಹಾಡು, ಬಣ್ಣ, ಅಕ್ಷರ ಎಲ್ಲ ಕಲೀತಾನೆ ಬಿಡಿ’ ಎಂಬ ಉತ್ತರ ಸಿದ್ಧವಿರುತ್ತದೆ. ನಿಜವಾಗಿಯೂ ಕಲಿಯುತ್ತಾನೆಯೇ?

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಇಂಗ್ಲಿಷ್ ಮನೆಮಾತಿನ 9 ತಿಂಗಳ ಶಿಶುಗಳ ಎದುರು ಕುಳಿತು, ಆಟಿಕೆ ತೋರಿಸುತ್ತ, ಪುಸ್ತಕ ಓದುತ್ತ, ಚೀನಾದ ಮ್ಯಾಂಡರಿನ್ ಭಾಷೆಯಲ್ಲಿ 12 ಬಾರಿ ಮಾತನಾಡಿಸಿದಾಗ, ಇಂಗ್ಲಿಷಿನಲ್ಲಿ ಇಲ್ಲದ ಧ್ವನಿಭೇದವನ್ನು ಅವು ಹುಟ್ಟಿನಿಂದ ಮ್ಯಾಂಡರಿನ್ ಕೇಳುತ್ತ ಬೆಳೆದ ತೈವಾನಿನ ಶಿಶುಗಳಷ್ಟೇ ಚೆನ್ನಾಗಿ ಗುರುತಿಸಿದವು. ಅದೇ ಮಾತನ್ನು ಪರದೆಯ ಮೇಲೆ ತೋರಿಸಿದಾಗ ಕಲಿಕೆಯ ಸುಳಿವೇ ಸಿಗಲಿಲ್ಲ.

ಚಂದಮಾಮನನ್ನು ತೋರಿಸಿ ಉಣಿಸುವುದೂ ಮಗುವನ್ನು ಮರೆಸುವ ಉಪಾಯವೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಆದರೆ ಅಲ್ಲಿ ತಾಯಿಯ ಬೆರಳು ತೋರಿದತ್ತ ಮಗು ನೋಡುತ್ತದೆ, ಮಗು ನೋಡಿದತ್ತ ತಾಯಿ ನೋಡುತ್ತಾಳೆ, ಮಗು ‘ಆ’ ಎಂದರೆ ‘ಹೂಂ, ಮಾಮ’ ಎಂಬ ಮರುಮಾತು ಬರುತ್ತದೆ. ಪದಕ್ಕೂ ವಸ್ತುವಿಗೂ ನಂಟು ಬೆಳೆಯುವುದು ಈ ಕೊಡುಕೊಳ್ಳುವಿಕೆಯಲ್ಲೇ.

1934ರಲ್ಲಿ ತೀರಿಕೊಂಡ ಸೋವಿಯತ್ ಮನೋವಿಜ್ಞಾನಿ ಲೆವ್ ವೈಗಾಟ್ಸ್ಕಿ (ಶಿಕ್ಷಕರಾದ ನಾವೆಲ್ಲ ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತ ಹೆಸರು) ಹೇಳಿದ್ದೂ ಇದನ್ನೇ: ಮಗುವಿನ ಯೋಚನೆ ಮೊದಲು ಇಬ್ಬರ ನಡುವೆ ನಡೆದು, ಬಳಿಕ ಅದರ ಒಳಗಿನದಾಗುತ್ತದೆ. ಚೌಕಾಬಾರ ಆಡುವಾಗ ‘ಇನ್ನು ಮೂರು ಬಿದ್ದರೆ ನನ್ನ ಕಾಯಿ ಹೊಡೀತೀಯ, ನೋಡಿಕೋ’ ಎಂದು ಅಜ್ಜಿ ಗಟ್ಟಿಯಾಗಿ ಹೇಳಿದ ಲೆಕ್ಕವನ್ನು, ಕೆಲವು ದಿನಗಳಲ್ಲಿ ಮೊಮ್ಮಗಳು ತುಟಿ ಅಲುಗಿಸದೆ ಮಾಡತೊಡಗುವುದನ್ನು ಕಂಡವರಿಗೆ ಈ ಸಿದ್ಧಾಂತ ಹೊಸದೆನಿಸದು.

ಅಂಗನವಾಡಿಗಳ ಬಗ್ಗೆ ಬರೆಯಬೇಕೆನಿಸಿದ್ದೂ ಇದೇ ಕಾರಣಕ್ಕೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಪೌಷ್ಟಿಕ ಆಹಾರದ ಜೊತೆಗೆ ಶಾಲಾಪೂರ್ವ ಶಿಕ್ಷಣವನ್ನೂ ತನ್ನ ಹೊಣೆಯೆಂದೇ ಘೋಷಿಸಿಕೊಂಡಿತ್ತು. ಇಂದು ಕಾರ್ಯಕರ್ತೆಯರು ತೂಕ, ಎತ್ತರ, ಹಾಜರಾತಿ ಎಲ್ಲವನ್ನೂ ಮೊಬೈಲಿಗೆ ತುಂಬಬೇಕು, ಮೇಲಿಂದ ಸಮೀಕ್ಷೆಗಳ ಹೊರೆ ಹೊರಬೇಕು. ಹೀಗಿರುವಾಗ ಅಂಗನವಾಡಿಗಳನ್ನು ಮೇಲ್ದರ್ಜೆಗೇರಿಸುವ ಕೇಂದ್ರದ ‘ಸಕ್ಷಮ್ ಅಂಗನವಾಡಿ’ ಯೋಜನೆಯ ಹೆಸರಿನಲ್ಲಿ ಎಲ್‌ಇಡಿ ಪರದೆಗಳನ್ನೂ ಕೊಡಲಾಗುತ್ತಿದೆ. ಪರದೆ ಬೇಡವೆನ್ನಲಾರೆ, ಆದರೆ ಅದಕ್ಕಿಂತ ಮೊದಲು ದಾಖಲೆಯ ಕೆಲಸವನ್ನು ಇಳಿಸಿ, ಕಾರ್ಯಕರ್ತೆಯು ದಿನಕ್ಕೆ ಎರಡು ಗಂಟೆಯಾದರೂ ಫೋನ್ ಬದಿಗಿಟ್ಟು ಮಕ್ಕಳೊಡನೆ ನೆಲದ ಮೇಲೆ ಕೂರುವಂತೆ ಇಲಾಖೆ ಆದೇಶ ಹೊರಡಿಸಲಿ.

— ಒಬ್ಬ ನಿವೃತ್ತ ಶಿಕ್ಷಕಿ, ತಿಪಟೂರು